ಎರಡು ನಿಮಿಷದ ಹಾಡು, ಒಂದು ದಿನದ ಕೆಲಸ

ಹರೆಯದ ಮಗ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ನಾವು ನಾಲ್ಕು ಜನ ಸೇರಿ ಹಾಡು ರೆಕಾರ್ಡ್ ಮಾಡಿಸ್ತೀವಿ, ಸ್ವಲ್ಪ ದುಡ್ಡು ಬೇಕಿತ್ತು" ಅಂದರೆ ನೀವೇನು ಹೇಳ್ತೀರಿ? "ಮೊದಲು ಸರಿಯಾಗಿ ಕಲಿತುಕೋ, ಆಮೇಲೆ ನೋಡೋಣ" ಅಂತೀರಿ, ಅಲ್ಲವೇ? ಅದೇನೂ ತಪ್ಪು ಮಾತಲ್ಲ. ಸರಳೆ, ಜಂಟಿವರಸೆ ಮುಗಿಸದೆ ಕೀರ್ತನೆಗೆ ಕೈಹಾಕುವುದು ನಮ್ಮ ಪದ್ಧತಿಯಲ್ಲ. ಆದರೆ ಈ "ಆಮೇಲೆ" ಅನ್ನೋ ಮಾತಿಗೂ ಒಂದು ಬೆಲೆ ಇದೆ. ಅದೆಷ್ಟು ಅಂತ ತಿಳಿಯಬೇಕಾದರೆ, ಇಂಗ್ಲೆಂಡಿನ ನಾಲ್ವರು ಹುಡುಗರ ಒಂದು ದಿನದ ಕತೆ ಕೇಳಿ.

ಅವರ ಊರು ಮ್ಯಾಂಚೆಸ್ಟರ್. ಹೆಸರು ನಮಗೆ ಹೊಸತಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಕರೀತಿದ್ದರು. ತಂಡದ ಹೆಸರು ಬಜ್‌ಕಾಕ್ಸ್. ಹಾಡುವವನು ಹೋವರ್ಡ್ ಡಿವೋಟೊ, 24 ವರ್ಷದವನು. ಗಿಟಾರಿನ ಪೀಟ್ ಶೆಲ್ಲಿಗೂ ಬೇಸ್ ಗಿಟಾರಿನ ಸ್ಟೀವ್ ಡಿಗಲ್‌ಗೂ 21. ಡ್ರಮ್ಮು ಬಾರಿಸುವ ಜಾನ್ ಮಾಹರ್‌ಗೆ ಇನ್ನೂ 16, ನಮ್ಮಲ್ಲಾದರೆ ಪಿ.ಯು.ಸಿ. ಓದೋ ವಯಸ್ಸು.

ಅವರದು ಪಂಕ್ ಸಂಗೀತ. 1976ರ ಸುಮಾರಿಗೆ ಇಂಗ್ಲೆಂಡಿನ ಹುಡುಗ ಹುಡುಗಿಯರಿಗೆ ಹಿಡಿದ ಹುಚ್ಚು ಅದು. ಆಲಾಪನೆಯಿಲ್ಲ, ಅಲಂಕಾರವಿಲ್ಲ. ಹೇಳೋದನ್ನು ಗಟ್ಟಿಯಾಗಿ, ಬಿರುಸಾಗಿ, ಎರಡು ಮೂರು ನಿಮಿಷದಲ್ಲಿ ಹೇಳಿ ಮುಗಿಸಿಬಿಡೋದು. ನಿಧಾನವಾಗಿ ಕುದಿಸಿದ ಹುಳಿಯಲ್ಲ, ಹಸಿಮೆಣಸಿನಕಾಯಿ ಚಟ್ನಿ ಅನ್ನಿ! ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಎಲ್ಲರ ನಾಲಿಗೆಗೂ ಹಿಡಿಸೋಲ್ಲ, ಹಿಡಿಸಿದವರು ಬಿಡೋಲ್ಲ.

ಈ ನಾಲ್ವರೂ ಕೂಡಿ ಮೊದಲ ಸಲ ವೇದಿಕೆ ಹತ್ತಿದ್ದು 1976ರ ಜುಲೈ 20ರಂದು. ಐದೇ ತಿಂಗಳಲ್ಲಿ ಹಾಡು ಅಚ್ಚು ಹಾಕಿಸುವ ಯೋಚನೆ ಬಂತು. ದೊಡ್ಡ ಕಂಪನಿಗಳೆಲ್ಲ ಲಂಡನ್ನಿನಲ್ಲಿ. ಇವರು ಅಲ್ಲಿ ಯಾರ ಬಾಗಿಲನ್ನೂ ಕಾಯಲಿಲ್ಲ. ಮನೆಯವರಿಂದ, ಗೆಳೆಯರಿಂದ 500 ಪೌಂಡು ಸಾಲ ಎತ್ತಿದರು. ಕೊಟ್ಟವರಲ್ಲಿ ಪೀಟ್ ಶೆಲ್ಲಿಯ ತಂದೆಯೂ ಒಬ್ಬರು. ಸ್ಟುಡಿಯೋ, ಡಿಸ್ಕು, ಹೊದಿಕೆ ಎಲ್ಲವೂ ಆ ಹಣದಲ್ಲೇ ಆಗಬೇಕು. ತಿಂಗಳ ಕೊನೆಯಲ್ಲಿ ಮನೆ ತೂಗಿಸುವ ನಿಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಕ್ರಿಸ್‌ಮಸ್ ಕಳೆದು ಮೂರನೇ ದಿನ, ಡಿಸೆಂಬರ್ 28ರಂದು, ನಾಲ್ವರೂ ತಮ್ಮೂರಿನದೇ ಇಂಡಿಗೋ ಸ್ಟುಡಿಯೋಗೆ ಹೋದರು. ಉಸ್ತುವಾರಿಗೆ ನಿಂತವನು ಅದೇ ಊರಿನ ಮಾರ್ಟಿನ್ ಹ್ಯಾನೆಟ್. ಗಡಿಯಾರ ತಿರುಗಿದಷ್ಟೂ ಬಾಡಿಗೆ ಏರುವ ಜಾಗ ಅದು. ಅಲ್ಲಿ ಕೂತು ಹಾಡು ಕಟ್ಟುವುದಕ್ಕಾಗೋಲ್ಲ, ಎಲ್ಲ ಮೊದಲೇ ಕೈಗೆ ಬಾಯಿಗೆ ಬಂದಿರಬೇಕು. ಬಂದಿತ್ತು. ನಾಲ್ಕು ಹಾಡುಗಳು ಮೂರು ಗಂಟೆಯಲ್ಲಿ ಟೇಪಿಗೆ ಏರಿದವು. ದನಿ, ಗಿಟಾರು, ಡ್ರಮ್ಮು ಯಾವುದೆಷ್ಟು ಕೇಳಿಸಬೇಕು ಅಂತ ಹದ ಮಾಡಿ ಬೆರೆಸೋದಕ್ಕೆ ಇನ್ನೆರಡು ಗಂಟೆ. ಒಟ್ಟು ಐದು ಗಂಟೆ! ಮದುವೆ ಮನೆಗೆ ಚಕ್ಕುಲಿ ಕರಿಯೋದಕ್ಕೂ ಅಷ್ಟು ಹೊತ್ತು ಬೇಕು.

ಮೊದಲ ಹಾಡು 'ಬ್ರೇಕ್‌ಡೌನ್'. ಎರಡು ನಿಮಿಷಕ್ಕೂ ಎರಡು ಸೆಕೆಂಡು ಕಮ್ಮಿ. ಮೂರನೇ ಸಲಕ್ಕೆ ಸರಿಬಂತು. ಆಮೇಲೆ ಅದಕ್ಕೆ ಏನನ್ನೂ ಸೇರಿಸಲಿಲ್ಲ. ಉಳಿದ ಮೂರು ಮೊದಲ ಸಲಕ್ಕೇ ಬಂದವು, ಅವಕ್ಕೆ ಮೇಲಿಂದ ಗಿಟಾರಿನ ಒಗ್ಗರಣೆ ಮಾತ್ರ ಹಾಕಿದರು. ಇದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಡಿಸ್ಕಿನ ಹೊದಿಕೆಯ ಮೇಲೆ ಅವರೇ ಅಚ್ಚು ಹಾಕಿಸಿದ್ದಾರೆ, ಯಾವ ಹಾಡು ಎಷ್ಟನೇ ಸಲದ್ದು, ಯಾವುದಕ್ಕೆ ಏನು ಸೇರಿಸಿದ್ದು ಅಂತ. ಮೊದಲೆರಡು ದೋಸೆ ಕಿತ್ತುಹೋದವು, ಇದು ಮೂರನೆಯದು ಅಂತ ನೆಂಟರಿಗೆ ನಾವು ಹೇಳ್ತೀವಾ? ಇವರು ಹೇಳಿದರು. ಓದಿದ ಇನ್ನೊಬ್ಬ ಹುಡುಗನಿಗೆ "ಇಷ್ಟೇನಾ? ಹಾಗಾದರೆ ನಾನೂ ಮಾಡಬಹುದು" ಅನ್ನೋ ಧೈರ್ಯ ಬರಲು ಅಷ್ಟು ಸಾಕು.

'ಸ್ಪೈರಲ್ ಸ್ಕ್ರ್ಯಾಚ್' ಅನ್ನೋ ಹೆಸರಿನ ಆ ಪುಟ್ಟ ಡಿಸ್ಕು 1977ರ ಜನವರಿ 29ರಂದು ಅವರದೇ ಸ್ವಂತ ಲೇಬಲ್ಲಿನಲ್ಲಿ ಹೊರಬಂತು. ಹೊದಿಕೆಯ ಚಿತ್ರ, ಊರಿನ ಉದ್ಯಾನದ ಪ್ರತಿಮೆಯ ಬಳಿ ತಂಡದ ಮ್ಯಾನೇಜರ್ ರಿಚರ್ಡ್ ಬೂನ್ ತೆಗೆದ ಪೋಲರಾಯ್ಡ್ ಫೋಟೋ. ಮೊದಲು ಹಾಕಿಸಿದ್ದು 1,000 ಪ್ರತಿ. ಬೇಗನೆ ಖರ್ಚಾದವು. ಅಂಚೆಯಲ್ಲಿ, ಅಂಗಡಿಗಳಲ್ಲಿ ಒಟ್ಟು 16,000 ಮಾರಾಟವಾದವು.

ಈಗ "ಆಮೇಲೆ"ಯ ಬೆಲೆಗೆ ಬರೋಣ. ಡಿಸ್ಕು ಹೊರಬಂದ ಕೆಲವೇ ವಾರಗಳಲ್ಲಿ ಹಾಡುಗಾರ ಡಿವೋಟೊ ತಂಡ ಬಿಟ್ಟ. ಮುಂದೆ ಬೇರೆ ತಂಡ ಕಟ್ಟಿದ, ಅದರ ಹೆಸರು 'ಮ್ಯಾಗಜೀನ್' ಅಂದರೆ ನಗಬೇಡಿ. ಹಳೇ ತಂಡದಲ್ಲಿ ಪೀಟ್ ಶೆಲ್ಲಿಯೇ ಹಾಡತೊಡಗಿದ, ಹೆಸರೂ ಮಾಡಿದ, 2018ರ ಡಿಸೆಂಬರಿನಲ್ಲಿ ತೀರಿಕೊಂಡ. ಇನ್ನಷ್ಟು ಕಲಿತು ಬೇಸಿಗೆಯಲ್ಲಿ ಮಾಡೋಣ ಅಂತ ಅವತ್ತು ಅವರು ಕೂತಿದ್ದರೆ, ಆ ನಾಲ್ವರು ಕೂಡಿ ಹೊರತಂದ ಈ ಡಿಸ್ಕೇ ಇರುತ್ತಿರಲಿಲ್ಲ. ಕೈ ಪಳಗುತ್ತಿತ್ತು ನಿಜ, ಆದರೆ ಜೊತೆ ಮುರಿದಿರುತ್ತಿತ್ತು.

ಹಾಗಂತ ಕೇಳಿದಷ್ಟು ದುಡ್ಡು ಎತ್ತಿಕೊಡಿ ಅಂತ ನಾನು ಹೇಳ್ತಿಲ್ಲ. ಮಗನನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ಹಾಡು ಪೂರ್ತಿ ಬಾಯಿಗೆ ಬಂದಿದೆಯೇ? ಸ್ಟುಡಿಯೋ ಎಷ್ಟು ಗಂಟೆ ಬೇಕು? ದುಡ್ಡಿನಲ್ಲಿ ಯಾರ ಪಾಲೆಷ್ಟು, ಸಾಲವಾದರೆ ತೀರಿಸೋದು ಹೇಗೆ? ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ, ಒಂದು ದಿನದ ಮಟ್ಟಿಗೆ "ಹೂಂ" ಅನ್ನಿ. ಹಾಡು ನಿಮ್ಮ ಕಿವಿಗೆ ಗದ್ದಲ ಅನ್ನಿಸಿದರೂ ಚಿಂತೆಯಿಲ್ಲ.

ಇನ್ನು ನಿಮ್ಮ ವಿಷಯ. ಅತ್ತೆಗೋ ಅಜ್ಜಿಗೋ ಬರುವ ಹಸೆ ಹಾಡು, ಬೀಸುವ ಪದ ಇನ್ನೂ ಅವರ ಬಾಯಲ್ಲೇ ಇದೆಯೇ? ಸ್ಟುಡಿಯೋ ಬೇಡ, ಸಾಲ ಬೇಡ, ಮನೆಯಲ್ಲಿರುವ ಮೊಬೈಲು ಸಾಕು. ಈ ವಾರವೇ ಒಂದು ಮಧ್ಯಾಹ್ನ ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ, ಅವರ ಪಕ್ಕ ಕೂತು ಹಾಡಿಸಿ. ನಡುವೆ ಕೆಮ್ಮು ಬಂದರೆ ಬರಲಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ. ಎಷ್ಟನೇ ಸಲಕ್ಕೆ ಸರಿಬಂತು ಅನ್ನೋದನ್ನೂ ಬರೆಯಿರಿ.