ಹಿಂಬಡ್ತಿ ಯಾರಿಗೆ?

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ, ನಮ್ಮವರ ಮನೆಯ ನಾಲ್ಕು ಹುಡುಗರು ಸೇರಿದರೆ ಇಂಗ್ಲೆಂಡಿನ ಕಾಲ್ಚೆಂಡಿನದೇ ಮಾತು. 2025ರಲ್ಲಿ ಲೀಸೆಸ್ಟರ್ ಉಳಿದೀತೆ, ಇಪ್ಸ್‌ವಿಚ್ ಮುಳುಗೀತೆ ಎಂದು ಗಂಟಲು ಹರಿಯುವ ತನಕ ವಾದ. ಎರಡೂ ಮುಳುಗಿದವು, ಸೌತ್‌ಹ್ಯಾಂಪ್ಟನ್ ಸಮೇತ. ಅದೇ ವರ್ಷ ನಮ್ಮ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಐ-ಲೀಗಿನಿಂದ ಕೆಳಗಿನ ದರ್ಜೆಗೆ ಇಳಿಯಿತು. ಅಯ್ಯೋ ಎಂದವರುಂಟೆ?

ಹಿಂದಿನ ವರ್ಷವಷ್ಟೇ ಎರಡನೆಯ ದರ್ಜೆಯಲ್ಲಿ ಗೆದ್ದು ಮೇಲೇರಿದ್ದ ತಂಡವದು. ಸೋತಿತು, ಇಳಿಯಿತು, ಅದು ನ್ಯಾಯವೇ. 2012ರಲ್ಲಿ ಎಚ್.ಎ.ಎಲ್. ತಂಡಕ್ಕೂ ಇದೇ ಗತಿಯಾಗಿತ್ತು. ನನ್ನ ತಕರಾರು ಬೇರೆ. 2023-24ರ ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರು ಎಫ್.ಸಿ. 12 ತಂಡಗಳ ಪೈಕಿ 10ನೆಯದು. ಕಡೆಯ ಮೂವರನ್ನು ಇಳಿಸುವ ಇಂಗ್ಲೆಂಡಿನ ಲೆಕ್ಕ ಹಿಡಿದರೆ ಅದೂ ಕೆಳಗೇ. ಆದರೆ ಆ ಲೀಗಿನಲ್ಲಿ ಇಳಿಸುವ ನಿಯಮವೇ ಇರಲಿಲ್ಲ! ಹಣ ಕಟ್ಟಿ ಕುಳಿತವರನ್ನು ಎಬ್ಬಿಸುವವರಾರು?

'ಇಳಿಸಿದ್ದರೆ ಮರುವರ್ಷ ಫೈನಲಿಗೆ ಹೋಗುತ್ತಿತ್ತೆ?' ಎಂದು ಕೇಳುವ ಜಾಣರಿದ್ದಾರೆ. ಒಳ್ಳೆಯ ಮಾತು. ಸ್ಪೋರ್ಟಿಂಗ್ ಕ್ಲಬ್ಬಿಗೂ ಅಂಥದೊಂದು ಮರುವರ್ಷ ಸಿಗಬೇಡವೆ ಸ್ವಾಮಿ? ಒಂದೇ ಊರು, ಒಂದೇ ಆಟ, ಕಾನೂನು ಮಾತ್ರ ಎರಡು. ಹಿಂಬಡ್ತಿ ಗುಮಾಸ್ತನಿಗೆ, ಸಾಹೇಬರಿಗೆ ಬರೀ ವರ್ಗ. ಸರ್ಕಾರಿ ಕೆಲಸದಲ್ಲಿರುವ ನನಗೆ ಇದು ಹೊಸದಲ್ಲ. ಹುಡುಗರಿಗೆ ಹೊಸದು. ಲೀಸೆಸ್ಟರಿಗಾಗಿ ಮರುಗುವವರು ಇದಕ್ಕೂ ಒಂದು ಸಂಜೆ ಜಗಳವಾಡಲಿ.