ಐದನೇ ಜಾಗ ಯಾರಿಗೆ?

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ 6.98 ಸಿಜಿಪಿಎ ಇಟ್ಕೊಂಡು 7.0 ಕಟ್-ಆಫ್ ಎದುರು ನಿಂತ ಗೆಳೆಯನ ಮುಖ ನಾವೆಲ್ಲ ನೋಡಿದ್ದೇವೆ. ದೇಶದ ಚೆಸ್ ತಂಡ ಆರಿಸುವಾಗಲೂ ಇಂಥದ್ದೇ ಒಂದು ಗೆರೆ ಎಳೆಯಬೇಕಾಗುತ್ತೆ. ಒಲಿಂಪಿಯಾಡ್ ತಂಡದಲ್ಲಿ ಇರೋದು ಐದೇ ಜಾಗ. ಪ್ರತಿ ಸುತ್ತಿನಲ್ಲಿ ನಾಲ್ವರು ಆಡ್ತಾರೆ, ಒಬ್ಬರು ಮೀಸಲು. ಭಾರತದಲ್ಲಿ ಅರ್ಹರು ಐದಕ್ಕಿಂತ ಎಷ್ಟೋ ಹೆಚ್ಚು. ಹಾಗಾದರೆ ಯಾರನ್ನು ಬಿಡೋದು?

"ರೇಟಿಂಗ್ ಪಟ್ಟಿಯ ಮೊದಲ ಐವರನ್ನು ಕಳಿಸಿ, ತಕರಾರೇ ಇರಲ್ಲ" ಅಂತ ನಮ್ಮಲ್ಲಿ ಹಲವರು ಹೇಳ್ತಾರೆ. ಸಂಖ್ಯೆ ಕಂಡರೆ ನಮಗೆ ಅಷ್ಟು ನಂಬಿಕೆ. ಆದರೆ ಆ ಸಂಖ್ಯೆಯನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಎಲೋ ಸೂತ್ರದ ಪ್ರಕಾರ, ಎದುರಾಳಿಗಿಂತ 10 ಅಂಕ ಮುಂದಿರುವ ಆಟಗಾರ 100 ಆಟಗಳಲ್ಲಿ ಗಳಿಸಬಹುದಾದದ್ದು ಸುಮಾರು 51.4 ಪಾಯಿಂಟ್. ಅಂದರೆ ಇಬ್ಬರೂ ಹೆಚ್ಚುಕಮ್ಮಿ ಸಮ. ಈ ಮಟ್ಟದವರಿಗೆ ಕೆ-ಫ್ಯಾಕ್ಟರ್ 10. ಸಮಬಲದ ಎದುರಾಳಿಯನ್ನು ಗೆದ್ದರೆ 5 ಅಂಕ ಬರುತ್ತೆ, ಸೋತರೆ 5 ಹೋಗುತ್ತೆ. ಗೆಲ್ಲಬೇಕಾದ ಒಂದೇ ಒಂದು ಆಟ ಕೈತಪ್ಪಿ ಸೋತರೂ 10 ಅಂಕದ ವ್ಯತ್ಯಾಸ! ಲ್ಯಾಬ್ ರೆಕಾರ್ಡ್‌ನಲ್ಲಿ ನಾವು ಇದನ್ನು ಎರರ್ ಅಂತ ಬರೀತೀವಿ. ಆಯ್ಕೆಯಲ್ಲಿ ಮಾತ್ರ ಇದೇ ಅಂತಿಮ ತೀರ್ಪು ಆಗಬೇಕಾ?

ಇನ್ನೊಂದು ವಿಷಯ. ರೇಟಿಂಗ್ ಹೇಳೋದು ಈವರೆಗೆ ಆಡಿದ ಆಟದ ಕಥೆ. 2022ರ ಚೆನ್ನೈ ಒಲಿಂಪಿಯಾಡ್‌ನ ಮುಕ್ತ ವಿಭಾಗದಲ್ಲಿ ರೇಟಿಂಗ್ ಸರಾಸರಿ ಪ್ರಕಾರ ಭಾರತ 'ಎ' ತಂಡ 2ನೇ ಶ್ರೇಯಾಂಕದಲ್ಲಿತ್ತು, 'ಬಿ' ತಂಡ 11ನೇ ಶ್ರೇಯಾಂಕದಲ್ಲಿ. ಕಂಚು ಗೆದ್ದದ್ದು 'ಬಿ'. 'ಎ'ಗೆ ಸಿಕ್ಕಿದ್ದು 4ನೇ ಸ್ಥಾನ. ಗುಕೇಶ್ ಮೊದಲ ಎಂಟೂ ಆಟ ಗೆದ್ದರು. ವೇಗವಾಗಿ ಬೆಳೆಯುತ್ತಿರುವ ಹುಡುಗರ ನಿಜವಾದ ಶಕ್ತಿಯನ್ನು ರೇಟಿಂಗ್ ಹಿಂದಿನಿಂದ ಓಡಿಬಂದು ಹಿಡಿಯಬೇಕಷ್ಟೆ. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಭಾರತದ ಅತಿ ಹೆಚ್ಚು ರೇಟಿಂಗ್‌ನ ಅರ್ಜುನ್ ಎರಿಗೈಸಿ ಕೂತದ್ದು ಮೂರನೇ ಬೋರ್ಡಿನಲ್ಲಿ. ಅಲ್ಲಿ ಅವರು 11ಕ್ಕೆ 10 ಗಳಿಸಿದರು, ತಂಡಕ್ಕೆ ಚಿನ್ನ ಬಂತು. ಪಟ್ಟಿಯ ಕ್ರಮವನ್ನೇ ಹಿಡಿದು ಕೂತಿದ್ದರೆ ಈ ಜೋಡಣೆ ಆಗ್ತಿರಲಿಲ್ಲ.

ಹಾಗಂತ ಎಲ್ಲವನ್ನೂ ಆಯ್ಕೆದಾರರ ಕೈಗೆ ಕೊಟ್ಟುಬಿಡೋಣವೇ? ಅದೂ ಬೇಡ. "ನಮ್ಮ ಹುಡುಗ" ಅನ್ನೋ ಮಾತು ಎಲ್ಲಿ ಬೇಕಾದರೂ ನುಸುಳುತ್ತೆ. ಸಂಖ್ಯೆಗೆ ಕನಿಷ್ಠ ಪಕ್ಷ ಯಾರ ಪರಿಚಯವೂ ಇರಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಮೊದಲ ನಾಲ್ಕು ಜಾಗ ರೇಟಿಂಗ್‌ಗೇ ಇರಲಿ. ಆದರೆ ಒಂದು ದಿನದ ಅಂಕ ಬೇಡ, ಕೆಲವು ತಿಂಗಳ ಸರಾಸರಿ ತೆಗೆಯಲಿ. ಯಾವ ತಿಂಗಳುಗಳು ಅನ್ನೋದನ್ನು ವರ್ಷ ಮೊದಲೇ ಹೇಳಲಿ. ಐದನೇ ಜಾಗ ಆಯ್ಕೆ ಸಮಿತಿಗೆ ಬಿಡಲಿ. ಗೆರೆಯ ಆಚೀಚೆ ಹತ್ತಿಪ್ಪತ್ತು ಅಂಕದಲ್ಲಿರುವವರ ಇತ್ತೀಚಿನ ಆಟ, ಎದುರಿಸಿದ ಎದುರಾಳಿಗಳು, ತಂಡದ ಅಗತ್ಯ ನೋಡಿ ಒಬ್ಬರನ್ನು ಆರಿಸಲಿ. ಒಂದೇ ಷರತ್ತು: ಕಾರಣವನ್ನು ಬರೆದು ಎಲ್ಲರ ಮುಂದೆ ಇಡಬೇಕು.

ಇದು ದೂರದ ವಿಷಯ ಅಂದ್ಕೋಬೇಡಿ. ನಮ್ಮ ಕಾಲೇಜಿನ ಚೆಸ್ ತಂಡದ ಆಯ್ಕೆ ನಡೆದಿದೆ ಅಂತ ನಮಗೆ ಗೊತ್ತಾಗೋದೇ ನೋಟಿಸ್ ಬೋರ್ಡಿನಲ್ಲಿ ಹೆಸರು ಬಿದ್ದ ಮೇಲೆ. ಸೋತು ಹೊರಗೆ ಉಳಿದರೆ ಬೇಜಾರು ಎರಡು ದಿನ. ಯಾಕೆ ಬಿಟ್ಟರು ಅಂತಲೇ ತಿಳಿಯದಿದ್ದರೆ ಹುಡುಗರು ಆಡೋದನ್ನೇ ಬಿಟ್ಟುಬಿಡ್ತಾರೆ. ಮುಂದಿನ ಸಲ ಹೆಸರುಗಳ ಪಟ್ಟಿಗಿಂತ ಮೊದಲು, ಆಯ್ಕೆಯ ನಿಯಮ ಆ ಬೋರ್ಡಿಗೆ ಬರಲಿ.