ಕೈ ಆಡದವರಿಗೂ ಕಂಪ್ಯೂಟರ್: ಪಂಚಾಯಿತಿಯ ಶೇ 5ರ ಹಣದಲ್ಲೇ ಆಗುವ ಕೆಲಸ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬಂಧುಗಳೇ,

ಮಾವಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು, ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕವರು, ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ವರ್ಷದಿಂದ ವರ್ಷಕ್ಕೆ ಸ್ನಾಯು ಸೋಲುತ್ತಿರುವ ಹುಡುಗರು, ಫ್ಲೋರೈಡ್ ನೀರು ಕುಡಿದು ಕತ್ತು, ಬೆನ್ನು ಬಿಗಿದುಕೊಂಡ ಹಿರಿಯರು ನಮ್ಮ ನಡುವೆ ಇದ್ದಾರೆ. ಇವರಿಗೆ ನಾವು ವೇದಿಕೆ ಹಾಕಿ ಗಾಲಿಕುರ್ಚಿ ಕೊಡುತ್ತೇವೆ, ಹಾರ ಹಾಕಿ ಫೋಟೊ ತೆಗೆಸುತ್ತೇವೆ. ಆಮೇಲೆ ಆ ಕುರ್ಚಿ ಹೊಸಿಲು ದಾಟುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದವರೂ ದಿನವಿಡೀ ಟಿ.ವಿ. ಮುಂದೆ ಕೂತಿರುತ್ತಾರೆ.

ಇಂಥವರ ಮನೆಯಲ್ಲೇ, ಅವರವರ ದೇಹಕ್ಕೆ ಹೊಂದುವಂತೆ ಒಂದು ಕಂಪ್ಯೂಟರ್ ಜೋಡಿಸಿಕೊಡುವುದು ಸ್ಥಳೀಯ ಸಂಸ್ಥೆಗಳ ಕೆಲಸವಾಗಬೇಕು ಎಂಬುದು ನಮ್ಮ ಒತ್ತಾಯ. ಅದಕ್ಕೆ ವಿದೇಶದ ಯಂತ್ರ ಬೇಕಿಲ್ಲ. ಊರಿನ ಬಡಗಿ, ಪೇಟೆಯ ಮೊಬೈಲ್ ರಿಪೇರಿ ಅಂಗಡಿ ಮತ್ತು ಮನೆಗೆ ಬಂದು ತಾಳ್ಮೆಯಿಂದ ನೋಡುವ ಒಬ್ಬ ಕಾರ್ಯಕರ್ತ, ಇಷ್ಟಿದ್ದರೆ ಸಾಕು.

ಆಡುವ ಅಂಗ ಯಾವುದು?

ಕನ್ನಡಕ ಕೊಡುವ ಮೊದಲು ಕಣ್ಣು ನೋಡುತ್ತಾರೆ. ಇಲ್ಲಿಯೂ ಹಾಗೆಯೇ, ದೇಹದಲ್ಲಿ ದಣಿವಿಲ್ಲದೆ ಆಡುವ ಅಂಗ ಯಾವುದೆಂದು ಮೊದಲು ನೋಡಬೇಕು. ಒಂದು ಬೆರಳೋ, ಮೊಣಕೈಯೋ, ಕಾಲಿನ ಹೆಬ್ಬೆರಳೋ, ತಲೆಯೋ, ಯಾವುದಾದರೂ ಸರಿ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಕೆನ್ನೆಯ ಒಂದು ಸ್ನಾಯುವಿನ ಅಲುಗಾಟದಿಂದಲೇ ಬರೆದರು, ಭಾಷಣ ಮಾಡಿದರು. ಅವರಿಗಾಗಿ ಸಿದ್ಧಪಡಿಸಿದ ತಂತ್ರಾಂಶವನ್ನು ಇಂಟೆಲ್ ಕಂಪನಿ 2015ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು.

ಒಂದೇ ಬೆರಳು ಆಡುವವರಿಗೆ ನಮ್ಮ ಕನ್ನಡ ಕೀಲಿಮಣೆಯಲ್ಲೇ ಒಂದು ತೊಡಕಿದೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ, ದೀರ್ಘ ಸ್ವರಕ್ಕೂ ಮಹಾಪ್ರಾಣಕ್ಕೂ ಣ, ಳಗಳಿಗೂ ಶಿಫ್ಟ್ ಕೀಲಿ ಹಿಡಿದುಕೊಂಡೇ ಇನ್ನೊಂದನ್ನು ಒತ್ತಬೇಕು. ‘ಕೋಲಾರ’ ಎಂದು ಬರೆಯುವುದಕ್ಕೇ ಶಿಫ್ಟ್ ಎರಡು ಸಲ ಬೇಕು. ಒಂಟಿ ಬೆರಳಿನವರಿಗೆ ಇದು ಆಗದ ಮಾತು. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ. ಹೂಂ ಎಂದರೆ ಆಯಿತು, ಒಂದಾದ ಮೇಲೊಂದು ಕೀಲಿ ಒತ್ತಿದರೂ ಅಕ್ಷರ ಮೂಡುತ್ತದೆ. ಕೈ ನಡುಗುವವರಿಗೆ ‘ಫಿಲ್ಟರ್ ಕೀಸ್’ ಇದೆ, ಮೌಸ್ ಹಿಡಿಯಲಾಗದವರಿಗೆ ಅಂಕಿಯ ಕೀಲಿಗಳಿಂದಲೇ ಬಾಣ ಓಡಿಸುವ ‘ಮೌಸ್ ಕೀಸ್’ ಇದೆ. ಇವೆಲ್ಲ ಕಂಪ್ಯೂಟರಿನೊಳಗೇ ಇರುವ ಸೌಲಭ್ಯಗಳು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಹೇಳಿಕೊಡುವವರಿಲ್ಲ.

ಬೆರಳೂ ಆಡದಿದ್ದರೆ ಮೌಸ್ ಬಿಚ್ಚಿ, ಅದರ ಎಡ ಗುಂಡಿಯ ಎರಡು ಕಾಲುಗಳಿಗೆ ವೈರ್ ಬೆಸುಗೆ ಹಾಕಿ, ಆ ವೈರನ್ನು ಒಂದು ಕಾಲಿಂಗ್ ಬೆಲ್ ಸ್ವಿಚ್ಚಿಗೆ ಸೇರಿಸಬೇಕು. ಮೊಬೈಲ್ ರಿಪೇರಿ ಮಾಡುವ ಹುಡುಗರಿಗೆ ಇದು ಸಣ್ಣ ಕೆಲಸ. ಆ ಸ್ವಿಚ್ಚನ್ನು ಮೊಣಕೈ, ಮಂಡಿ ಅಥವಾ ತಲೆಯ ಪಕ್ಕ ಕೂರಿಸಿದರೆ ಸಾಕು. ಪರದೆಯ ಮೇಲೆ ತೋರುವ ಕೀಲಿಮಣೆಯಲ್ಲಿ ಬೆಳಕು ಒಂದೊಂದೇ ಸಾಲಿನ ಮೇಲೆ ಹಾದು ಹೋಗುತ್ತಿರುತ್ತದೆ. ಬೇಕಾದ ಕಡೆ ಬಂದಾಗ ಸ್ವಿಚ್ ಒತ್ತಿದರೆ ಅಕ್ಷರ ಬೀಳುತ್ತದೆ. ನಿಧಾನವೇನೋ ಹೌದು, ಆದರೆ ಬರೆದದ್ದು ಅವರದೇ ಬರಹ. ಕತ್ತು ಆಡುವವರಿಗೆ ‘ಇವಿಯಾಕ್ಯಾಮ್’ ಎಂಬ ಉಚಿತ ತಂತ್ರಾಂಶವಿದೆ. ಸಾಧಾರಣ ವೆಬ್‌ಕ್ಯಾಮ್ ಮುಂದೆ ತಲೆ ತಿರುಗಿಸಿದತ್ತ ಬಾಣ ಓಡುತ್ತದೆ, ಒಂದು ಕಡೆ ಕೊಂಚ ನಿಂತರೆ ಕ್ಲಿಕ್ ಆಗುತ್ತದೆ.

‘ಬಾಯಲ್ಲಿ ಹೇಳಿದರೆ ಮೊಬೈಲೇ ಬರೆದುಕೊಳ್ಳುತ್ತದಲ್ಲ’ ಎನ್ನಬಹುದು. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದಿತು, ಅದು ದೊಡ್ಡ ಉಪಕಾರವೇ. ಆದರೆ ಸೆರೆಬ್ರಲ್ ಪಾಲ್ಸಿಯಿಂದ ಮಾತು ತೊದಲುವವರಿಗೆ ಅದರಿಂದ ಪ್ರಯೋಜನ ಕಡಿಮೆ. ಹತ್ತು ಜನ ಇರುವ ಒಂದೇ ಕೋಣೆಯ ಮನೆಯಲ್ಲಿ ಬ್ಯಾಂಕಿನ ವಿಷಯವನ್ನು ಗಟ್ಟಿಯಾಗಿ ಹೇಳುವುದಕ್ಕೂ ಆಗುವುದಿಲ್ಲ.

ಮೇಜು, ಮಂಚ, ಕರೆಂಟು

ಪೇಟೆಯ ಕಂಪ್ಯೂಟರ್ ಟೇಬಲ್ಲಿನ ಕೆಳಗೆ ಅಡ್ಡಪಟ್ಟಿಯೋ ಡ್ರಾಯರೋ ಇರುತ್ತದೆ, ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಮೇಜಿನಡಿ ಮೊಣಕಾಲಿಗೆ ಸುಮಾರು 27 ಅಂಗುಲ ಎತ್ತರದ ಖಾಲಿ ಜಾಗ ಬೇಕು. ಅಡ್ಡಪಟ್ಟಿ ತೆಗೆದು ಕಾಲುಗಳ ಕೆಳಗೆ ಮರದ ತುಂಡು ಕೊಟ್ಟರೆ ಆ ಸಮಸ್ಯೆ ಮುಗಿಯಿತು. ಮೊಣಕೈ ಹಲಗೆಯ ಮೇಲೆ ಊರಿರಬೇಕು, ಪರದೆ ಕಣ್ಣಿನ ಮಟ್ಟದಲ್ಲಿರಬೇಕು. ಮಲಗಿಯೇ ಇರುವವರಿಗೆ ಟಿ.ವಿ.ಯನ್ನು ಗೋಡೆಗೆ ಹಾಕುವ ಸ್ಟ್ಯಾಂಡಿನಲ್ಲೇ ಪರದೆಯನ್ನು ಮಂಚದ ಕಡೆ ಬಾಗಿಸಬಹುದು.

ಬೆನ್ನುಮೂಳೆ ಮುರಿದವರಿಗೆ ಕೂತ ಕಡೆ ಒತ್ತುತ್ತಿರುವುದು ಗೊತ್ತಾಗುವುದಿಲ್ಲ. ಆಗಾಗ ಮೈ ಎತ್ತಿ ಕೂರಿಸದಿದ್ದರೆ ಹುಣ್ಣಾಗುತ್ತದೆ, ಅದು ಜೀವಕ್ಕೇ ಎರವಾಗಬಹುದು. ಆದ್ದರಿಂದ ಕಂಪ್ಯೂಟರಿನ ಜೊತೆಗೆ ಒಳ್ಳೆಯ ಕುಶನ್ನೂ ಸಮಯ ನೆನಪಿಸುವ ಅಲಾರಾಂ ಕೂಡ ಇರಲೇಬೇಕು. ಕರೆಂಟು ಹೋದಾಗ ಎದ್ದು ಹೋಗಿ ಸ್ವಿಚ್ ಹಾಕಲಾಗದವರಿಗೆ ಲ್ಯಾಪ್‌ಟಾಪೇ ಮೇಲು. ಇಲ್ಲವಾದರೆ ಯುಪಿಎಸ್ ಕೊಡಬೇಕು.

ಹಣವಿದೆ, ಕಾನೂನೂ ಇದೆ

‘ಮೊದಲು ರ‍್ಯಾಂಪ್, ಶೌಚಾಲಯ ಆಗಲಿ, ಕಂಪ್ಯೂಟರ್ ಆಮೇಲೆ’ ಎನ್ನುವವರಿದ್ದಾರೆ. ಅವೆರಡೂ ಆಗಲೇಬೇಕು. ಆದರೆ ಹೊಸಿಲು ದಾಟಲಾಗದವರಿಗೆ ಹಾಲಿನ ಸೊಸೈಟಿಯ ಲೆಕ್ಕ, ಕನ್ನಡ ಡಿಟಿಪಿ, ಸೇವಾ ಸಿಂಧು ಅರ್ಜಿ ತುಂಬುವ ಕೆಲಸ, ದೂರಶಿಕ್ಷಣದ ಪದವಿ ಸಿಗುವುದು ಕಂಪ್ಯೂಟರಿನ ಮೂಲಕವೇ.

ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಅನುದಾನವನ್ನು ವಿಕಲಚೇತನರಿಗೆಂದು ಮೀಸಲಿಡಬೇಕು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ, ಅಗತ್ಯ ಹೊಂದಾಣಿಕೆ ನಿರಾಕರಿಸುವುದನ್ನೂ ತಾರತಮ್ಯವೆಂದೇ ಎಣಿಸುತ್ತದೆ. ಡಿಜಿಟಲ್ ಸೌಲಭ್ಯ ತಲುಪುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ. ಹೀಗಿರುವಾಗ ಇದನ್ನು ದಾನವೆಂದು ಕೇಳಬೇಕಿಲ್ಲ.

ನಮ್ಮ ಒತ್ತಾಯಗಳು

1. ಪ್ರತಿ ಗ್ರಾಮ ಪಂಚಾಯಿತಿ, ನಗರಸಭೆ, ಪುರಸಭೆ ತನ್ನ ಶೇ 5ರ ಕ್ರಿಯಾ ಯೋಜನೆಯಲ್ಲಿ ಮನೆಯಲ್ಲಿನ ಕಂಪ್ಯೂಟರ್ ಜೋಡಣೆಯನ್ನು ಸೇರಿಸಲಿ. ಬಡಗಿ ಕೂಲಿ, ಸ್ವಿಚ್, ಸ್ಟ್ಯಾಂಡ್, ಕುಶನ್ ಎಲ್ಲವೂ ಅದರಲ್ಲಿ ಬರಲಿ.

2. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೂ ಈ ಜೋಡಣೆಯ ತರಬೇತಿ ಸಿಗಲಿ. ಅದಕ್ಕೆ ಬೇಕಾದ ಪ್ರಯಾಣ ಭತ್ಯೆಯೂ ಸಿಗಲಿ.

3. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಸರ್ಕಾರ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವಂತೆ, ಕೈಕಾಲು ಆಡದ ವಿದ್ಯಾರ್ಥಿಗಳಿಗೂ ಹೊಂದಾಣಿಕೆ ಮಾಡಿದ ಲ್ಯಾಪ್‌ಟಾಪ್ ಕೊಡಲಿ.

4. ಕೊಟ್ಟು ಕೈತೊಳೆದುಕೊಳ್ಳುವುದು ಬೇಡ. ಸ್ನಾಯು ಸೋಲುವ ಕಾಯಿಲೆಯಲ್ಲಿ ಇಂದು ಆಡುವ ಬೆರಳು ನಾಳೆ ಆಡದಿರಬಹುದು. ಕಾರ್ಯಕರ್ತರು ಆರು ತಿಂಗಳಿಗೊಮ್ಮೆ ಮನೆಗೆ ಬಂದು ನೋಡಲಿ.

ಬಂಧುಗಳೇ, ನಿಮ್ಮ ಪಂಚಾಯಿತಿಯಲ್ಲಿ ವಿಕಲಚೇತನರ ವಿಶೇಷ ಗ್ರಾಮಸಭೆ ಯಾವಾಗ ಎಂದು ಪಿಡಿಒ ಅವರನ್ನು ಕೇಳಿ. ಶೇ 5ರ ಹಣ ಕಳೆದ ವರ್ಷ ಯಾವುದಕ್ಕೆ ಖರ್ಚಾಯಿತೆಂದು ಲೆಕ್ಕ ಕೇಳಿ. ಮನೆಯವರ ಯುಡಿಐಡಿ ಕಾರ್ಡಿನ ಪ್ರತಿಯೊಂದಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರಲಾಗದವರ ಪರವಾಗಿ ನೆರೆಮನೆಯವರಾದರೂ ಬಂದು ಮಾತನಾಡಿ. ಈ ಕರಪತ್ರವನ್ನು ಓದಿದ ಮೇಲೆ ಅಂಥ ಒಂದು ಮನೆಗೆ ತಲುಪಿಸಿ.